ಸಿಗರೇಟಿನ ಜೊತೆ ಗುಳಿಗೆಯನ್ನೂ ಬಿಟ್ಟಿರಿ, ಎಡವಿದ್ದು ಅಲ್ಲಿ

ಪ್ರಶ್ನೆ: ನನಗೆ 41 ವರ್ಷ. ಬನಹಟ್ಟಿಯಲ್ಲಿ ನಾಲ್ಕು ಪಾವರ್‌ಲೂಮ್ ಇವೆ. 18ರ ವಯಸ್ಸಿನಿಂದ ಸಿಗರೇಟು ಸೇದುತ್ತೇನೆ, ಈಗ ದಿನಕ್ಕೆ 14 ಆಗುತ್ತವೆ. ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ ಒಂದು ಬೇಕು. ಎರಡು ವರ್ಷದ ಹಿಂದೆ ಸೀರೆ ಮಾಲು ಹೋಗದೆ ಸಾಲ ಮೈಮೇಲೆ ಬಂತು. ನಿದ್ದೆ ಹಾರಿತು, ಮಗ್ಗದ ಹತ್ತಿರ ಹೋಗುವುದೇ ಬೇಡವಾಯಿತು. ಡಾಕ್ಟರು ಖಿನ್ನತೆ ಎಂದು ಗುಳಿಗೆ ಕೊಟ್ಟರು, ಅರ್ಧದಷ್ಟು ಆರಾಮಾದೆ. ಸಿಗರೇಟು ಬಿಡಲು ಎರಡು ಸಲ ನೋಡಿದೆ. ಮೊದಲ ಸಲ ನಾಲ್ಕೇ ದಿನ. ಕಳೆದ ಶ್ರಾವಣದಲ್ಲಿ ಕಾಡಸಿದ್ಧೇಶ್ವರನ ಮುಂದೆ ಆಣೆ ಮಾಡಿ ಸಿಗರೇಟು, ಗುಳಿಗೆ ಎಲ್ಲ ಒಂದೇ ದಿನ ಬಿಟ್ಟೆ. 19 ದಿನ ಇದ್ದೆ. ತಲೆಯಲ್ಲಿ ಕರೆಂಟ್ ಹೊಡೆದಂತಾಗುತ್ತಿತ್ತು, ಮಕ್ಕಳ ಮೇಲೆ ಹರಿಹಾಯುತ್ತಿದ್ದೆ, ಇದ್ದು ಏನು ಮಾಡುವುದು ಅನಿಸುತ್ತಿತ್ತು. ಕೊನೆಗೆ ಹೆಂಡತಿಯೇ ಅಂಗಡಿಯಿಂದ ಒಂದು ಸಿಗರೇಟು ತಂದು, ‘ಸೇದ್ರಿ, ಹಿಂಗ ಇರಬ್ಯಾಡ್ರಿ’ ಎಂದು ಅತ್ತಳು. ಗುಳಿಗೆ ಮತ್ತೆ ಶುರು ಮಾಡಿ ಐದು ತಿಂಗಳಾಯಿತು. ಮತ್ತೊಮ್ಮೆ ಬಿಡಬೇಕೆಂದಿದೆ. ಈ ಮನಸ್ಥಿತಿಯಲ್ಲಿ ಬಿಟ್ಟರೆ ಹುಚ್ಚು ಹಿಡಿಯುತ್ತದೆ, ಮೊದಲು ಪೂರ್ತಿ ಆರಾಮಾಗು ಎನ್ನುತ್ತಾರೆ ಗೆಳೆಯರು. ಏನು ಮಾಡಲಿ? ಆಣೆ ಮುರಿದದ್ದು ಎದೆಯಲ್ಲಿ ಚುಚ್ಚುತ್ತಿದೆ.
(ಹೆಸರು ಬೇಡ, ಬಾಗಲಕೋಟೆ ಜಿಲ್ಲೆ)

ಉತ್ತರ: ನಿಮಗಿಂತ ವಯಸ್ಸಿನಲ್ಲಿ ದೊಡ್ಡವಳು, ತಮ್ಮಾ ಎಂದೇ ಕರೆಯುತ್ತೇನೆ.

ಸಿಗರೇಟಿನ ಮಾತಿಗಿಂತ ಮೊದಲು ಒಂದನ್ನು ಕೇಳಬೇಕು. ‘ಇದ್ದು ಏನು ಮಾಡುವುದು’ ಎಂದು ಅನಿಸುತ್ತಿತ್ತು ಎಂದಿರಿ. ಈಗಲೂ ಹಾಗೆ ಅನಿಸುತ್ತದೆಯೇ? ಅನಿಸುತ್ತಿದ್ದರೆ ಮುಂದಿನ ತಿಂಗಳ ಭೇಟಿಗೆ ಕಾಯಬೇಡಿ, ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ, ಮನೆಯಲ್ಲೂ ಹೇಳಿ. ರಾತ್ರಿ ಎರಡು ಗಂಟೆಗೆ ಅಂಥ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗೆ ಸರಕಾರ ಇಟ್ಟ ಸಹಾಯವಾಣಿ ಟೆಲಿ-ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ನಿಮ್ಮ ಫೋನಿನಲ್ಲೂ ಮನೆಯವರ ಫೋನಿನಲ್ಲೂ ಹಾಕಿಟ್ಟುಕೊಂಡು ಆಮೇಲೆ ಮುಂದೆ ಓದಿ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ‘ಸಿಗರೇಟು, ಗುಳಿಗೆ ಎಲ್ಲ ಒಂದೇ ದಿನ ಬಿಟ್ಟೆ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಆ ಸಾಲು ದಾಟಲು ಆಗಲಿಲ್ಲ. ಗುಳಿಗೆಯನ್ನು ನೀವು ಚಟದ ಪಟ್ಟಿಗೆ ಸೇರಿಸಿಬಿಟ್ಟಿದ್ದೀರಿ. ಬಿಪಿ ಇದ್ದವರು ಬಿಪಿ ಗುಳಿಗೆ ನುಂಗುವುದನ್ನು ನಾವು ಚಟ ಎನ್ನುವುದಿಲ್ಲವಲ್ಲ. ಖಿನ್ನತೆಯ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆ ತಿರುಗುವುದು, ಕೆಟ್ಟ ಕನಸು, ಸಿಡುಕು, ತಲೆಯೊಳಗೆ ಚುರ್ರೆಂದು ಕರೆಂಟ್ ಹಾಯ್ದಂತೆ ಆಗುವುದು ಎಲ್ಲ ಬರಬಹುದು. ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ತಲೆಯಲ್ಲಿ ಕರೆಂಟ್ ಹೊಡೆದಂತಾಯಿತು ಎಂದು ನೀವು ಬರೆದಿದ್ದೀರಲ್ಲ, ಅದು ಸಿಗರೇಟು ಬಿಟ್ಟವರು ಹೇಳುವ ಮಾತಲ್ಲ ತಮ್ಮಾ. ಗುಳಿಗೆ ತಟ್ಟನೆ ನಿಲ್ಲಿಸಿದವರು ಹೇಳುವ ಮಾತು. ಅದರ ಜೊತೆಗೆ ಅರ್ಧ ವಾಸಿಯಾಗಿದ್ದ ಖಿನ್ನತೆಯೂ ತಲೆ ಎತ್ತಿತು ಎಂದು ಕಾಣುತ್ತದೆ. ಇಷ್ಟೆಲ್ಲದರ ತಪ್ಪು ಸಿಗರೇಟು ಬಿಟ್ಟದ್ದರ ಮೇಲೆ ಬಂತು.

ಅಷ್ಟರ ನಡುವೆಯೂ ನೀವು 19 ದಿನ ತಡೆದಿರಿ. ದಿನಕ್ಕೆ 14ರಂತೆ ಲೆಕ್ಕ ಹಾಕಿದೆ, 266 ಸಿಗರೇಟು ನೀವು ಮುಟ್ಟಲಿಲ್ಲ. ಕಾಡಸಿದ್ಧೇಶ್ವರನ ಮುಂದೆ ಮಾಡಿದ ಆಣೆಯ ಲೆಕ್ಕದಲ್ಲಿ ಇಪ್ಪತ್ತನೆಯ ದಿನವನ್ನಷ್ಟೇ ಯಾಕೆ ಹಿಡಿಯುತ್ತೀರಿ? ಆ 19 ದಿನವನ್ನೂ ಅವನು ನೋಡಿದ್ದಾನೆ. ಈ ಸಲ ಆಣೆ ಬೇಡ. ಆಣೆ ಮಾಡಿದರೆ ಒಂದು ಸಿಗರೇಟು ಸೇದಿದ ಕೂಡಲೇ ಎಲ್ಲ ಮುಗಿಯಿತು ಅನಿಸಿಬಿಡುತ್ತದೆ, ಖಿನ್ನತೆ ಇದ್ದವರಿಗಂತೂ ಅದು ‘ನಾನು ಯಾವುದಕ್ಕೂ ಬಾರದವನು’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಹಾಸಿನ ಎಳೆ ಒಂದು ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಿ ಮತ್ತೆ ಚಾಲೂ ಮಾಡುತ್ತೀರಿ, ಸೀರೆಯನ್ನೇ ಕತ್ತರಿಸಿ ಒಗೆಯುವುದಿಲ್ಲ.

ಗೆಳೆಯರು ಹೇಳಿದ ‘ಮೊದಲು ಪೂರ್ತಿ ಆರಾಮಾಗು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಆ ಪೂರ್ತಿ ಆರಾಮದ ದಿನಕ್ಕೆ ಕಾಯುತ್ತಾ ಎಷ್ಟೋ ಮಂದಿ ಹತ್ತು ವರ್ಷ ಸೇದಿದ್ದಾರೆ. ಬೆಳಿಗ್ಗೆ ಎದ್ದು ಮೊದಲ ಸಿಗರೇಟು ಹಚ್ಚಿದಾಗ ಜೀವ ಬಂದಂತಾಗುತ್ತದೆ, ನಿಜ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಎರಡು ತಾಸಿನಲ್ಲಿ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ, ಚಡಪಡಿಕೆ ಶುರು. ಮುಂದಿನ ಸಿಗರೇಟು ಆ ಚಡಪಡಿಕೆಯನ್ನು ತಣಿಸುತ್ತದೆ, ಮನಸ್ಸು ಹಗುರಾಯಿತು ಎಂದು ನೀವು ತಿಳಿಯುತ್ತೀರಿ. ಸಾಲ ಕೊಟ್ಟವನೇ ಅದರ ಬಡ್ಡಿ ಕಟ್ಟಲು ಕೈಸಾಲ ಕೊಟ್ಟಂತೆ ಇದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ಬಿಟ್ಟು ಆರು ವಾರ ಅಥವಾ ಅದಕ್ಕಿಂತ ಹೆಚ್ಚು ದಿನ ಕಳೆದ ಮೇಲೆ ನೋಡಿದರೆ, ಸೇದುವುದನ್ನು ಮುಂದುವರಿಸಿದವರಿಗಿಂತ ಬಿಟ್ಟವರಲ್ಲಿ ಖಿನ್ನತೆ, ಆತಂಕ ಎರಡೂ ಕಡಿಮೆಯಾಗಿದ್ದವು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೆಯೇ. ಇದನ್ನು ಓದಿ ಗುಳಿಗೆ ಬಿಟ್ಟರೆ ನಡೆಯುತ್ತದೆ ಎಂದು ಮಾತ್ರ ತಿಳಿಯಬೇಡಿ!

ಹಾಗಾದರೆ ಈ ಸಲ ಹೇಗೆ? ಗುಳಿಗೆ ಅಲುಗಾಡಬಾರದು, ಸಿಗರೇಟು ಮಾತ್ರ ಹೋಗಬೇಕು. ಐದು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೀರಿ, ಒಳ್ಳೆಯದು. ಡಾಕ್ಟರ ಮುಂದೆ ಎರಡು ಮಾತು ಬಿಚ್ಚಿ ಹೇಳಿ: ಕಳೆದ ಸಲ ಗುಳಿಗೆ ನಿಲ್ಲಿಸಿದ್ದೆ ಎಂಬುದು, ಈಗ ಸಿಗರೇಟು ಬಿಡುತ್ತಿದ್ದೇನೆ ಎಂಬುದು. ಮೊದಲನೆಯದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿ. ಎರಡನೆಯದಕ್ಕೂ ಕಾರಣವಿದೆ. ಸಿಗರೇಟಿನ ಹೊಗೆ ಕೆಲವು ಔಷಧಿಗಳನ್ನು ಲಿವರ್ ಬೇಗ ಕರಗಿಸಿಬಿಡುವಂತೆ ಮಾಡುತ್ತದೆ. ಡುಲೊಕ್ಸೆಟಿನ್, ಓಲಾಂಜಪಿನ್ ಅಂಥವು. ಸೇದುವುದು ನಿಂತರೆ ಅವು ರಕ್ತದಲ್ಲಿ ಹೆಚ್ಚು ಉಳಿಯುತ್ತವೆ, ಪ್ರಮಾಣ ಬದಲಿಸಬೇಕೇ ಎಂದು ಡಾಕ್ಟರೇ ನೋಡಬೇಕು. ಚಹಾಕ್ಕೂ ಇದೇ ಮಾತು. ದಿನಕ್ಕೆ ಎಂಟು ಕಪ್ ಚಹಾ ಕುಡಿಯುವವರು ಸಿಗರೇಟು ಬಿಟ್ಟು ಚಹಾ ಅಷ್ಟೇ ಉಳಿಸಿಕೊಂಡರೆ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಅದನ್ನು ಖಿನ್ನತೆ ಎಂದುಕೊಂಡು ಹೆದರುತ್ತಾರೆ. ಚಹಾವನ್ನು ಅರ್ಧಕ್ಕೆ ಇಳಿಸಿ.

ಎದ್ದ ಕೂಡಲೇ ಸಿಗರೇಟು ಬೇಕು ಎನ್ನುವವರ ದೇಹ ನಿಕೋಟಿನ್‌ಗೆ ಬಲವಾಗಿ ಒಗ್ಗಿಹೋಗಿರುತ್ತದೆ. ನಿಮಗೆ ಬರಿಗೈಯಲ್ಲಿ ಬಿಡು ಎಂದು ನಾನು ಹೇಳಲಾರೆ. ನಿಕೋಟಿನ್ ಗಮ್ ಇದೆ, ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿ ಇದೆ, ಬುಪ್ರೊಪಿಯಾನ್ ಎಂಬ ಗುಳಿಗೆ ಇದೆ. ಅದು ಖಿನ್ನತೆಗೂ ಕೊಡುವ ಔಷಧಿ, ಆದರೆ ಫಿಟ್ಸ್ ಇದ್ದವರಿಗೆ ಆಗದು. ಯಾವುದು, ಎಷ್ಟು ಎಂಬುದು ಡಾಕ್ಟರಿಗೆ ಬಿಟ್ಟದ್ದು. ಗಮ್ ಕೊಟ್ಟರೆ ಅದನ್ನು ಚೂಯಿಂಗ್ ಗಮ್‌ನಂತೆ ಕಚಕಚ ಅಗಿಯಬೇಡಿ. ಮೆಲ್ಲಗೆ ನಾಲ್ಕಾರು ಸಲ ಅಗಿದರೆ ನಾಲಿಗೆಗೆ ಖಾರ ಹತ್ತಿದಂತೆ ಚುರುಚುರು ಎನ್ನುತ್ತದೆ. ಆಗ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಟ್ಟುಬಿಡಿ. ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ, ಮತ್ತೆ ಇಡಿ, ಹೀಗೆ ಅರ್ಧ ತಾಸು. ಗಮ್ ಹಾಕುವ ಕಾಲು ತಾಸು ಮೊದಲಿನಿಂದ ಬಾಯಲ್ಲಿ ಚಹಾ ಇರಬಾರದು. ಗಮ್ ಕೆಲಸ ಮಾಡಲಿಲ್ಲ ಎಂದು ನನಗೆ ಬರೆಯುವವರಲ್ಲಿ ಬಹಳ ಮಂದಿ ಅಗಿದು ನುಂಗಿದವರೇ. ಬಿಕ್ಕಳಿಕೆ ಬಂತು, ಬಿಟ್ಟೆ ಎನ್ನುತ್ತಾರೆ.

ನಾನು ಬೆಳೆದದ್ದು ನಿಪ್ಪಾಣಿ ಕಡೆ, ತಂಬಾಕಿನ ವಖಾರಿಯ ಘಾಟಿನ ನಡುವೆ. ನಮ್ಮಪ್ಪ ಬೀಡಿ ಬಿಟ್ಟದ್ದು ಆರನೆಯ ಸಲಕ್ಕೆ. ಬಿಟ್ಟ ಮೇಲೂ ವರ್ಷಗಟ್ಟಲೆ ಮಾತಾಡುವಾಗ ಖಾಲಿ ಕಡ್ಡಿಪೆಟ್ಟಿಗೆಯನ್ನು ಬೆರಳ ನಡುವೆ ತಿರುವುತ್ತಾ ಕೂಡುತ್ತಿದ್ದರು. ಆಗ ಅವ್ವ ಅವರನ್ನು ಬೈಯುತ್ತಿದ್ದಳು. ಆ ಕೈಗೆ ಏನಾದರೂ ಬೇಕಾಗಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಿಮ್ಮ ಕೈ ಯಾವಾಗ ಖಾಲಿಯಾಗುತ್ತದೆ ನೋಡಿಕೊಳ್ಳಿ. ಮಗ್ಗ ನಡೆದಾಗ ಸಿಗರೇಟು ನೆನಪಾಗುವುದಿಲ್ಲ, ಕರೆಂಟ್ ಹೋಯಿತು ಎಂದರೆ ಎಲ್ಲರೂ ಹೊರಗೆ ಬಂದು ಚಹಾದಂಗಡಿ ಮುಂದೆ ನಿಲ್ಲುತ್ತೀರಿ ಅಲ್ಲವೇ? ಅಲ್ಲಿ ಗಂಡಾಂತರ. ಸೇದಬೇಕೆಂಬ ಸೆಳೆತ ಬಂದರೆ ಅದರ ಜೋರು ಐದೋ ಹತ್ತೋ ನಿಮಿಷ. ಮೊದಲ ತಿಂಗಳು ಕರೆಂಟ್ ಹೋದಾಗ ಒಳಗೇ ಕೂತು ಕಂಡಿಕೆ ಸುತ್ತಿ, ಇಲ್ಲವೇ ಅಂಗಡಿಯ ವಿರುದ್ಧ ದಿಕ್ಕಿಗೆ ನಡೆದು ಬನ್ನಿ. ನಡೆದರೆ ಮನಸ್ಸಿಗೂ ಒಳ್ಳೆಯದು.

ಫೋನಿನಲ್ಲಿ ಜೊತೆಗಿದ್ದು ಬಿಡಿಸುವವರೂ ಇದ್ದಾರೆ. ಆ ನಂಬರು ದಿನವೂ ನಿಮ್ಮ ಜೇಬಿನಲ್ಲೇ ಇರುತ್ತದೆ, ಸಿಗರೇಟು ಪಾಕೀಟಿನ ಮೇಲೆ ಅಚ್ಚಾಗಿದೆ: 1800-11-2356. ದುಡ್ಡು ಬೀಳುವುದಿಲ್ಲ.

ಬಿಡುವ ದಿನವನ್ನು ಈಗಿನಿಂದ ಎರಡು ಮೂರು ವಾರದ ಆಚೆಗೆ, ಡಾಕ್ಟರನ್ನು ಕಂಡ ಮೇಲೆ ಇಟ್ಟುಕೊಳ್ಳಿ. ಸಾಲದ ಕಂತು ಕಟ್ಟುವ ವಾರ ಬೇಡ. ಮೊದಲ ವಾರ ಬಿರುಸು, ಎರಡರಿಂದ ನಾಲ್ಕು ವಾರದಲ್ಲಿ ಸಿಡುಕು, ಬೇಸರ, ನಿದ್ದೆಗೇಡು ಇಳಿಯುತ್ತಾ ಬರಬೇಕು. ಹಾಗೆ ಇಳಿಯದೆ, ದಿನವಿಡೀ ಮಂಕು ಕವಿದು, ಊಟ ಬೇಡ, ಮಾತು ಬೇಡ ಎಂಬ ಸ್ಥಿತಿ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಅದು ಸಿಗರೇಟಿನ ಸೆಳೆತ ಎಂದು ಸುಮ್ಮನಿರಬಾರದು, ಡಾಕ್ಟರನ್ನು ಕಾಣಬೇಕು.

ಇನ್ನು ನಿಮ್ಮ ಮನೆಯವರು. ಗಂಡ ಸೇದಬಾರದು ಎಂದು ಇಷ್ಟು ವರ್ಷ ಹೇಳಿದ ಹೆಂಗಸು ತಾನೇ ಅಂಗಡಿಗೆ ಹೋಗಿ ಸಿಗರೇಟು ಕೇಳಿ ತಂದಳು ಎಂದರೆ ಆಕೆ ಎಷ್ಟು ಹೆದರಿರಬೇಕು! ನಿಮ್ಮ ಪ್ರಯತ್ನ ಕೆಡಿಸಿದೆ ಎಂದು ಆಕೆಯೂ ಒಳಗೊಳಗೆ ಕೊರಗುತ್ತಿರಬಹುದು. ಗುಳಿಗೆ ನಿಲ್ಲಿಸಿದ್ದು ಆಕೆಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ನನ್ನ ಊಹೆ. ಈ ಕಾಗದವನ್ನು ಆಕೆಗೆ ಓದಿ ಹೇಳಿ. ಈ ತಿಂಗಳು ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ, ಆ 19 ದಿನ ಮನೆಯಲ್ಲಿ ಏನೇನಾಯಿತು ಎಂಬುದನ್ನು ಆಕೆಯೇ ಹೇಳಲಿ. ನಿಮಗೆ ನೆನಪಿಲ್ಲದ್ದು ಆಕೆಗೆ ನೆನಪಿರುತ್ತದೆ.