ಲಿಬ್ರೆಆಫೀಸ್ ತೆರೆಯುವಾಗ ಬರೋ ಲೋಗೋ ಬಂದ್ ಮಾಡೋದು

ಅಣ್ಣಾರ, ಕಲಬುರಗಿ ಸೂಪರ್ ಮಾರ್ಕೆಟ್‌ನ್ಯಾಗಿನ ನಿಮ್ಮ ಝೆರಾಕ್ಸ್ ಅಂಗಡಿ ಕಂಪ್ಯೂಟರಿನ್ಯಾಗ ಲಿಬ್ರೆಆಫೀಸ್ (ಪತ್ರ, ಲೆಕ್ಕ ಬರಿಯೋ ಪ್ರೋಗ್ರಾಮ್) ತೆರೆದಾಗೊಮ್ಮೆ ಲೋಗೋ ಅಡ್ಡ ಬರ್ತದ ಅಂತ ಕೇಳೀರಿ. ಪ್ರೋಗ್ರಾಮಿನ ಆಪ್ಶನ್ಸ್ ಒಳಗ ಹುಡುಕಬ್ಯಾಡ್ರಿ, ಅಲ್ಲಿ ಸಿಗಂಗಿಲ್ಲ.

ವಿಂಡೋಸ್ ಇದ್ರ ಡೆಸ್ಕ್‌ಟಾಪ್ ಶಾರ್ಟ್‌ಕಟ್ ಮ್ಯಾಗ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೀರಿ. ಟಾರ್ಗೆಟ್ ಅಂತಿರೋ ಸಾಲಿನ ಕೊನೀಗೆ, ಉದ್ಧರಣ ಚಿಹ್ನೆ ಇದ್ರ ಅದರ ಹೊರಗ, ಒಂದು ಸ್ಪೇಸ್ ಕೊಟ್ಟು ಎರಡು ಹೈಫನ್ ಹಾಕ್ರಿ. ಅದಕ್ಕ ಹತ್ತಿಸೇ ಇಂಗ್ಲಿಷ್ ಸಣ್ಣಕ್ಷರದಾಗ ‘ನೋಲೋಗೋ’ (nologo) ಬರೀರಿ, ನಡುವ ಜಾಗ ಬ್ಯಾಡ. ಓಕೆ ಒತ್ರಿ.

ಫೈಲ್ ಮ್ಯಾಗೇ ಡಬಲ್ ಕ್ಲಿಕ್ ಮಾಡಿದ್ರ ಮಾತ್ರ ಲೋಗೋ ಮತ್ತ ಬರ್ತದ, ಆಗ ಈ ಶಾರ್ಟ್‌ಕಟ್ ನಡುವ ಬರಂಗಿಲ್ಲ ನೋಡ್ರಿ. ಮತ್ತ ಲೋಗೋ ಹೋದ್ರ ಪ್ರೋಗ್ರಾಮ್ ಲಗೂ ತೆರೀತದ ಅಂತ ಏನಿಲ್ಲ. ಹಳೇ ಮಷೀನಿಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕೋ ಲಗೂ ಓದೋ ಡಿಸ್ಕ್) ಹಾಕಿಸಿದ್ರ ಆ ಫರಕ್ ಕಾಣ್ತದ.