ಚಗಟೆ ಸೊಪ್ಪು ತಿನ್ನಿ, ಮಾತ್ರೆ ಬಿಡಬೇಡಿ

ಮಗಳು ಐದು ತಿಂಗಳ ಬಸುರಿ, ಹಿಮೋಗ್ಲೋಬಿನ್ 8.6. ಮಲ ಕಪ್ಪಗಾಗುತ್ತದೆ ಅಂತ ಕಬ್ಬಿಣದ ಮಾತ್ರೆ ನಿಲ್ಲಿಸಿದ್ದಾಳೆ. ಸ್ಟೇಷನ್ ಹೊರಗೆ ಕೂರುವ ಆದಿವಾಸಿ ಹೆಂಗಸರಿಂದ ದಿನಾ ಟಾಕಳಾ, ಅದೇ ನಮ್ಮ ಚಗಟೆ ಸೊಪ್ಪು ತರುತ್ತೇನೆ. ಅವರೆಲ್ಲ ಇದನ್ನೇ ತಿಂದು ಗಟ್ಟಿಮುಟ್ಟಾಗಿದ್ದಾರೆ. ಸಾಕಲ್ವಾ?
– ಓದುಗರು, ಡೊಂಬಿವಲಿ

ಸಾಕಾಗಲ್ಲ. ಪ್ರತಿ ಮಳೆಗಾಲ ಇದೇ ಪ್ರಶ್ನೆ ಬರುತ್ತದೆ, ಓದಿದಾಗಲೆಲ್ಲ ಸಂಕಟವಾಗುತ್ತದೆ. ಬಸುರಿಯರಿಗೆ 11ಕ್ಕಿಂತ ಕಡಿಮೆಯಿದ್ದರೇ ರಕ್ತಹೀನತೆ. 8.6 ಇಟ್ಟುಕೊಂಡು ಸುಮ್ನೆ ಕೂರುವ ಹಾಗಿಲ್ಲ. ಇವತ್ತೇ ಡಾಕ್ಟರನ್ನು ಕೇಳಿ ಮಾತ್ರೆ ಮತ್ತೆ ಶುರು ಮಾಡಿಸಿ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಗಾಗುವುದು ಮಾಮೂಲಿ. ಮಲಬದ್ಧತೆಯಾದರೆ ಅದನ್ನೂ ಹೇಳಿ, ಬೇರೆ ಮಾತ್ರೆ ಕೊಡುತ್ತಾರೆ. ಒಂದು ತಿಂಗಳಲ್ಲೂ ಏರದಿದ್ದರೆ ಥಲಸೇಮಿಯಾ, ಸಿಕಲ್ ಸೆಲ್ ಎಂಬ ವಂಶದಿಂದ ಬರುವ ರಕ್ತದ ಕಾಯಿಲೆಗಳ ಪರೀಕ್ಷೆಯ ಬಗ್ಗೆ ಕೇಳಿ.

ಸರ್ಕಾರ ಬಸುರಿಯರಿಗೆ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಸೊಪ್ಪಿನಲ್ಲೂ ಇದೆ, ಆದರೆ ನಮ್ಮ ಕರುಳು ಹೀರುವುದು ಅದರಲ್ಲಿ ಸ್ವಲ್ಪವನ್ನೇ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಆ ಸ್ವಲ್ಪವೂ ಕಡಿಮೆಯಾಗುತ್ತದೆ.

ಗಟ್ಟಿಮುಟ್ಟು ಅಂದಿರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಆದಿವಾಸಿ ಹೆಂಗಸರಲ್ಲಿ ಅದಕ್ಕಿಂತಲೂ ಜಾಸ್ತಿ. ಬುಟ್ಟಿ ಹೊತ್ತು ಲೋಕಲ್ ರೈಲು ಹತ್ತಿ ಬರುವ ವಾರ್ಲಿ, ಕಾತಕರಿ ಹೆಂಗಸರು ಎಷ್ಟೋ ಸಲ ಒಳ್ಳೆಯ ಸೊಪ್ಪು ನಮಗೆ ಮಾರಿ, ಆ ದುಡ್ಡಲ್ಲಿ ಅಕ್ಕಿ ಕೊಳ್ಳುತ್ತಾರೆ. ಅವರ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ, ದಯವಿಟ್ಟು.

ಅವರಿಂದ ಕಲಿಯುವುದಾದರೆ ಅಡುಗೆ ಕಲಿಯಿರಿ. ಸೊಪ್ಪಿನ ಜೊತೆ ಒಂದು ಹಿಡಿ ಒಣಮೀನು ಬೀಳುತ್ತದಲ್ಲ, ಅದರಲ್ಲಿ ಗುಟ್ಟಿದೆ. ಮೀನು ಜೊತೆಗಿದ್ದರೆ ಸೊಪ್ಪಿನ ಕಬ್ಬಿಣವೂ ಚೆನ್ನಾಗಿ ಮೈಗೆ ಹತ್ತುತ್ತದೆ. ಉಪ್ಪು ಹೋಗುವ ಹಾಗೆ ಮೀನು ತೊಳೆಯಿರಿ. ಮಗಳಿಗೆ ಬಿಪಿ ಇದ್ದರೆ ಒಣಮೀನು ಬೇಡ, ಹಸಿ ಮೀನೇ ಇರಲಿ. ಮೀನು ತಿನ್ನದವರು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಲಿ, ಕುದಿಸಿದರೆ ಅದರ ಸಿ ವಿಟಮಿನ್ ಹಾಳು. ಚಗಟೆಯ ಚಿಗುರೆಲೆ ಮಾತ್ರ ಆರಿಸಿ, ಬಲಿತದ್ದು ಕಹಿ. ಚಹಾ ಊಟವಾಗಿ ಒಂದು ಗಂಟೆ ಕಳೆದ ಮೇಲೆ. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಮಾತ್ರೆ ಜೊತೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಬಿಡಿ.

ಬೀಟ್‌ರೂಟ್ ರಸದಿಂದ ರಕ್ತ ಏರುತ್ತದಾ?
ಇಲ್ಲ. ಕೆಂಪಿರುವುದು ಬಣ್ಣ, ಕಬ್ಬಿಣವಲ್ಲ.

ಶೇವಳಾ (ಮಳೆಗಾಲದ ಕಾಡು ತರಕಾರಿ) ಪಲ್ಯ ತಿಂದರೆ ಗಂಟಲು ತುರಿಸುತ್ತದೆ.
ಮಾರುವವರು ಜೊತೆಗೆ ಕಾಕಡ ಅನ್ನುವ ಹುಳಿ ಕಾಯಿ ಇಟ್ಟುಕೊಂಡಿರುತ್ತಾರೆ. ಅದನ್ನೂ ತಂದು ಹಾಕಿ, ಚೆನ್ನಾಗಿ ಬೇಯಿಸಿ.

ರಕ್ತ ಹೆಚ್ಚಿಸುವ ‘ಆದಿವಾಸಿ ಜಡಿಬೂಟಿ ಪುಡಿ’ ವಾಟ್ಸಾಪಿನಲ್ಲಿ ಸಿಕ್ಕಿದೆ, ಕೊಡಬಹುದಾ?
ಎಸೆಯಿರಿ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸೀಸ ಸಿಕ್ಕಿದ್ದುಂಟು. ಸೀಸ ರಕ್ತಹೀನತೆಯನ್ನೇ ತರುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೂ ಕೆಟ್ಟದ್ದು. ಬಸುರಿಗೆ ಇದನ್ನು ಮಾರುವವರ ಮೇಲೆ ನನಗೆ ಸಿಟ್ಟಿದೆ.

ರೈಲು ಹಳಿ ಪಕ್ಕ ಬೆಳೆದ ಚಗಟೆ ಕೀಳಬಹುದಾ?
ಬೇಡ. ಅಲ್ಲಿ ಹರಿಯುವುದು ಗಟಾರದ ನೀರು.