ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಸೆರೆಬ್ರಲ್ ಪಾಲ್ಸಿ (ಮಿದುಳಿನ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇದೆ, ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಬೀದಿಯ ಹುಡುಗರು ಕ್ರಿಕೆಟ್ ಆಡುವಾಗ ಅವನನ್ನು ಅಂಪೈರ್ ಮಾಡಿ ಕೂರಿಸುತ್ತಾರೆ. ಮೊದಲು ನಡೆಯಲು ಕಲಿಯಲಿ, ಆಟ ಆಮೇಲೆ ಎನ್ನುತ್ತಾರೆ ನಮ್ಮ ಅತ್ತೆ. ಏನು ಮಾಡಲಿ?

ಉತ್ತರ: 'ಆಟ ಆಮೇಲೆ' ಎಂಬ ಮಾತನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ಆಮೇಲೆ ಎಂದರೆ ಯಾವಾಗ, ಮೀಸೆ ಬಂದ ಮೇಲೆಯೇ? ವ್ಯಾಯಾಮದ ಚಾಪೆಯ ಮೇಲೆ ಕೈ ಎತ್ತಲು ಹಟ ಮಾಡುವ ಮಗು ಚೆಂಡು ಕಂಡರೆ ತಾನಾಗಿ ಎತ್ತುತ್ತದೆ. ಹಾಗೆಂದು ಆಟವನ್ನೂ ಚಿಕಿತ್ಸೆ ಮಾಡಿಬಿಡಬೇಡಿ. ಬರೀ ಖುಷಿಗೆ ಆಡುವ ಹಕ್ಕು ಅವನಿಗೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮನರಂಜನೆ, ಕ್ರೀಡೆ ಎರಡನ್ನೂ ಹೆಸರಿಸಿಯೇ ಹೇಳಿದೆ.

ಅವನೇ ಬಯಸಿದ್ದರೆ ಅಂಪೈರ್ ಆಗಲಿ. ಇಲ್ಲವಾದರೆ ಅದು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಜಾಗ. ನಿಯಮ ಬದಲಿಸಿ. ಅಂಧರ ಕ್ರಿಕೆಟ್‌ನಲ್ಲಿ ಚೆಂಡು ಗಿಲಕಿಯಂತೆ ಸದ್ದು ಮಾಡುತ್ತದೆ, ಬೌಲರ್ 'ಪ್ಲೇ' ಎಂದು ಕೂಗಿಯೇ ಎಸೆಯಬೇಕು, ಪೂರ್ತಿ ಕಾಣದವರು ಹೊಡೆದ ರನ್ ಎರಡರಷ್ಟಾಗುತ್ತದೆ. ಇದೆಲ್ಲ ಆ ಆಟದ ಕಾನೂನು. ಅದರಲ್ಲಿ ಭಾರತ ತಂಡವನ್ನು ಮುನ್ನಡೆಸಿದ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ನಿಮ್ಮ ಬೀದಿಯಲ್ಲಿ ಹುಡುಗರು ಟೆನಿಸ್ ಚೆಂಡನ್ನು ಕೈ ಮೇಲೆತ್ತದೆ ಕೆಳಗಿನಿಂದ ನಿಧಾನವಾಗಿ ಎಸೆಯಲಿ, ಇವನು ಹೊಡೆಯಲಿ, ಬೇಕಾದರೆ ಓಡಲು ಗೆಳೆಯನಿರಲಿ. ಬ್ಯಾಟಿನ ಹಿಡಿ ಜಾರಿದರೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ. ಆದರೆ ಗಾಲಿಕುರ್ಚಿಯ ಬ್ರೇಕ್ ಹಾಕಿ, ಸೊಂಟದ ಪಟ್ಟಿ ಬಿಗಿದ ಮೇಲೆಯೇ ಬ್ಯಾಟ್ ಕೊಡಿ. ಇದರಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಬೀಸುವ ಭರದಲ್ಲಿ ಕುರ್ಚಿಯಿಂದ ಮುಗ್ಗರಿಸಿದ ಹುಡುಗನ ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಂದವಳು ನಾನು.

ಎಣ್ಣೆ ತಿಕ್ಕಿ ಆರು ತಿಂಗಳಲ್ಲಿ ಓಡಿಸುತ್ತೇನೆ ಎನ್ನುವವರನ್ನು ಹೊಸ್ತಿಲಿಂದಲೇ ಕಳುಹಿಸಿ. ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುವ ಮಿದುಳಿಗೆ ಆದ ಪೆಟ್ಟು. ಚರ್ಮಕ್ಕೆ ತಿಕ್ಕಿದ ಎಣ್ಣೆ ಅದನ್ನು ವಾಸಿ ಮಾಡದು.

ಪ್ರಶ್ನೆ: ಮೂರ್ಛೆರೋಗ ಇರುವ ಮಗಳನ್ನು ಈಜಲು ಬಿಡಬಹುದೇ?

ಉತ್ತರ: ವೈದ್ಯರು ಒಪ್ಪಿದ್ದರೆ, ಈಜು ಬಲ್ಲವರೊಬ್ಬರು ನೀರಿನಲ್ಲೇ ಕೈಗೆಟಕುವಷ್ಟು ಹತ್ತಿರವಿದ್ದರೆ ಬಿಡಿ. ದಡದಲ್ಲಿ ಮೊಬೈಲ್ ಹಿಡಿದು ಕೂತವರನ್ನು ನಂಬಬೇಡಿ.

ಪ್ರಶ್ನೆ: ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಬೆಳವಣಿಗೆ, ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಮಗನನ್ನು ಜಾತ್ರೆಗೆ ಕರೆದೊಯ್ದರೆ ದೃಷ್ಟಿ ತಾಗುವುದಿಲ್ಲವೇ?

ಉತ್ತರ: ಇಲ್ಲ. ತೇರಿನ ನೂಕುನುಗ್ಗಲು ಬೇಡವೆಂದರೆ ಮರುದಿನ ಬೆಳಿಗ್ಗೆ ಹೋಗಿ. ಬೆಂಡು ಬತ್ತಾಸನ್ನು ಅವನೇ ಆರಿಸಿ ಕೊಳ್ಳಲಿ.